ಬೇಜಾರು ಎಂಬ ಒಂದೇ ಪದ ಸಾಲದು

ಬಿ.ಇಡಿ. ತರಗತಿಗೆ ಸೇರಿದ ಕೆಲವೇ ವಾರಗಳಲ್ಲಿ ನಾವೆಲ್ಲ ಬ್ಲೂಮ್‌ನ ವರ್ಗೀಕರಣ ಓದುತ್ತೇವೆ. ಜ್ಞಾನಾತ್ಮಕ ವಲಯ, ಭಾವಾತ್ಮಕ ವಲಯ, ಕ್ರಿಯಾತ್ಮಕ ವಲಯ ಎಂದು ಮೂರನ್ನೂ ಬಾಯಿಪಾಠ ಮಾಡುತ್ತೇವೆ. ಮೊದಲನೆಯದರ ಪುಸ್ತಕ 1956ರಲ್ಲಿ, ಎರಡನೆಯದರದು 1964ರಲ್ಲಿ ಬಂತೆಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ಆದರೆ ಬೋಧನಾಭ್ಯಾಸಕ್ಕೆ ಹೊರಟಾಗ ನಮ್ಮ ಪಾಠಯೋಜನೆಗಳನ್ನು ತೆರೆದು ನೋಡಿ. ಜ್ಞಾನ, ತಿಳಿವಳಿಕೆ, ಅನ್ವಯ, ಕೌಶಲಗಳಿಗೆ ಪುಟಗಟ್ಟಲೆ ಜಾಗ. ಭಾವಾತ್ಮಕ ವಲಯಕ್ಕೆ ಕೊನೆಯಲ್ಲಿ ಒಂದು ಸಾಲು: "ವಿದ್ಯಾರ್ಥಿಯು ವಿಜ್ಞಾನಿಗಳ ಕೊಡುಗೆಯನ್ನು ಮೆಚ್ಚುವನು." ಪಾಠ ಯಾವುದೇ ಇರಲಿ, ಆ ಸಾಲು ಬದಲಾಗುವುದಿಲ್ಲ. ಆ ದಿನ ತರಗತಿಯಲ್ಲಿ ಒಂದು ಮಗು ಅತ್ತರೂ, ಇಬ್ಬರು ಹೊಡೆದಾಡಿಕೊಂಡರೂ, ಇನ್ನೊಬ್ಬಳು ಇಡೀ ವಾರ ಬಾಯಿ ಬಿಡದಿದ್ದರೂ ಅದು ಯೋಜನೆಯಲ್ಲೂ ಇರುವುದಿಲ್ಲ, ವೀಕ್ಷಣಾ ನಮೂನೆಯಲ್ಲೂ ಇರುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಪ್ರಾಥಮಿಕ ಶಾಲೆಯ ಮಗುವಿಗೆ ತನ್ನ ಭಾವನೆಯನ್ನು ಗುರುತಿಸಲು, ಹೆಸರಿಸಲು, ನಿಭಾಯಿಸಲು ಕಲಿಸುವುದು ಶಿಕ್ಷಕರ ನಿತ್ಯದ ಕೆಲಸದ ಭಾಗ. ಅದಕ್ಕೆ ಬೇರೆ ಅವಧಿ, ಬೇರೆ ಪುಸ್ತಕ ಬೇಕಿಲ್ಲ. ಗೌನಿಪಲ್ಲಿಯಂಥ ಗಡಿಭಾಗದಲ್ಲಿ ಅದು ಮಗುವಿನ ಮನೆಮಾತಿನಿಂದ ಶುರುವಾಗಬೇಕು. ಇದನ್ನು ನಾವು ಕಲಿಯಬೇಕಾದ ಜಾಗ ಬೋಧನಾಭ್ಯಾಸ; ನೌಕರಿ ಸಿಕ್ಕ ಮೇಲೆ ನೋಡಿಕೊಳ್ಳೋಣ ಎಂದರೆ ಆಗುವುದಿಲ್ಲ.

"ಬಿ.ಇಡಿ. ಓದುವ ನಮಗೆ ಪ್ರಾಥಮಿಕ ಶಾಲೆಯ ಚಿಂತೆ ಏಕೆ?" ಎಂದು ಕೆಲವು ಸಹಪಾಠಿಗಳು ಕೇಳಬಹುದು. 2023ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 1ರಿಂದ 5ನೇ ತರಗತಿಗೆ ಬಿ.ಇಡಿ. ಪದವಿ ಅರ್ಹತೆಯಲ್ಲ ಎಂಬುದು ನಿಜ. ಆದರೆ 6ರಿಂದ 8ನೇ ತರಗತಿಗೆ ಪದವೀಧರ ಪ್ರಾಥಮಿಕ ಶಿಕ್ಷಕರಾಗಿ ಹೋಗುವವರು ನಾವೇ. ಹಿರಿಯ ಪ್ರಾಥಮಿಕ ಶಾಲೆ ಎಂದರೆ ಒಂದೇ ಅಂಗಳ, ಒಂದೇ ಬಿಸಿಯೂಟದ ಸಾಲು. ಅಲ್ಲಿ ಗಣಿತ, ವಿಜ್ಞಾನದ ಮೇಷ್ಟ್ರು ಒಂದನೇ ತರಗತಿಯ ಮಗುವಿನ ಮೂಗನ್ನೂ ಒರೆಸಬೇಕಾಗುತ್ತದೆ.

ನೀತಿಪಾಠ ಬೇರೆ, ಇದು ಬೇರೆ

ಭಾವನಾತ್ಮಕ ಕೌಶಲ ಎಂದ ಕೂಡಲೇ ನಮ್ಮಲ್ಲಿ ಬಹಳ ಜನ ನೀತಿಬೋಧೆ ಎಂದುಕೊಳ್ಳುತ್ತಾರೆ. ಎರಡಕ್ಕೂ ವ್ಯತ್ಯಾಸವಿದೆ. ಒಬ್ಬನ ಪೆನ್ಸಿಲನ್ನು ಪಕ್ಕದವನು ಕೇಳದೆ ತೆಗೆದುಕೊಂಡ ಎನ್ನಿ. ನೀತಿಪಾಠ "ಕೋಪ ಮಾಡಿಕೊಳ್ಳಬಾರದು" ಎನ್ನುತ್ತದೆ. ಆದರೆ ಕೋಪ ಆಗಲೇ ಬಂದಾಗಿದೆ. ಬಂದ ಕೋಪವನ್ನು ಏನು ಮಾಡಬೇಕು ಎಂಬುದು ಕೌಶಲ. ನನಗೆ ಕೋಪ ಬಂದಿದೆ ಎಂದು ಗೊತ್ತಾಗಬೇಕು, ಕೈ ಎತ್ತುವ ಮುಂಚೆ ಮಾತು ಬರಬೇಕು: "ನೀನು ಕೇಳದೆ ತಗೊಂಡೆ, ನಂಗೆ ಕೋಪ ಬಂದಿದೆ, ಕೊಡು." ಇಷ್ಟು ಹೇಳಲು ಬಂದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ಈಜುವುದನ್ನು ಉಪದೇಶದಿಂದ ಕಲಿಸಲಾಗದು, ನೀರಿಗೆ ಇಳಿಸಬೇಕು. ಇದೂ ಹಾಗೆಯೇ ಅಭ್ಯಾಸದಿಂದ ಬರುವಂಥದ್ದು.

ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿರುವ ಹತ್ತು ಜೀವನ ಕೌಶಲಗಳಲ್ಲಿ ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ಸ್ಥಿತಿಯನ್ನು ಅನುಭವಿಸಿ ತಿಳಿಯುವುದು, ಭಾವನೆಗಳನ್ನು ನಿಭಾಯಿಸುವುದು, ಒತ್ತಡವನ್ನು ನಿಭಾಯಿಸುವುದು ಸೇರಿವೆ. ನಮ್ಮ ನಿಮ್ಹಾನ್ಸ್ ಕೂಡ ಶಾಲೆಗಳಿಗಾಗಿ ಜೀವನ ಕೌಶಲದ ಕೈಪಿಡಿಗಳನ್ನು ತಯಾರಿಸಿದೆ. ಕಾನೂನೂ ಸುಮ್ಮನಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 29ನೇ ಸೆಕ್ಷನ್ ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತಗೊಳಿಸಿ ತನ್ನ ಅಭಿಪ್ರಾಯವನ್ನು ಸ್ವತಂತ್ರವಾಗಿ ಹೇಳಲು ನೆರವಾಗಬೇಕು ಎನ್ನುತ್ತದೆ. ಮೊದಲನೆಯದು ಶಿಕ್ಷಕರಿಗೆ ಗೊತ್ತು, ಏಕೆಂದರೆ ಅದು ಕೋಲನ್ನು ಕಿತ್ತುಕೊಂಡಿತು. ಎರಡನೆಯದು ಕೋಲಿನ ಜಾಗದಲ್ಲಿ ಏನಿರಬೇಕು ಎಂದು ಹೇಳುತ್ತದೆ. ಅದನ್ನು ನಾವು ಓದಿದ್ದು ಕಡಿಮೆ.

ಅಳು ಒಂದು ಭಾಷೆಯಲ್ಲಿ, ಪ್ರಶ್ನೆ ಇನ್ನೊಂದರಲ್ಲಿ

ಗೌನಿಪಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಗಡಿ ಭಾಗ. ಇಲ್ಲಿನ ಬಹುಪಾಲು ಮನೆಗಳಲ್ಲಿ ತೆಲುಗು, ಕೆಲವು ಮನೆಗಳಲ್ಲಿ ಉರ್ದು. ಶಾಲೆಯಲ್ಲಿ ಕನ್ನಡ. ಪಾಠದ ಮಟ್ಟಿಗೆ ಮಕ್ಕಳು ಕನ್ನಡಕ್ಕೆ ಬೇಗ ಹೊಂದಿಕೊಳ್ಳುತ್ತಾರೆ. 'ದ್ಯುತಿಸಂಶ್ಲೇಷಣೆ'ಯನ್ನೂ ತಡವರಿಸದೆ ಹೇಳುತ್ತಾರೆ. ಆದರೆ "ಯಾಕೆ ಸಪ್ಪಗಿದ್ದೀಯ?" ಎಂದು ಕೇಳಿದರೆ ಬರುವುದು ಒಂದೇ ಉತ್ತರ: "ಬೇಜಾರು ಸಾರ್."

ಈ 'ಬೇಜಾರು' ನಮ್ಮನ್ನು ದಾರಿ ತಪ್ಪಿಸುತ್ತದೆ. ಅದರಲ್ಲಿ ಪಾಠ ಹಿಡಿಸಲಿಲ್ಲ ಎಂಬ ಅರ್ಥವಿದೆ, ಮನಸ್ಸಿಗೆ ನೋವಾಗಿದೆ ಎಂಬ ಅರ್ಥವೂ ಇದೆ, ಸ್ನೇಹಿತ ಮಾತು ಬಿಟ್ಟಿದ್ದಾನೆ ಎಂಬುದೂ ಇದೆ, ಮನೆಯಲ್ಲಿ ಜಗಳ ಎಂಬುದೂ ಇದೆ. ನಾವು ಮೊದಲನೆಯ ಅರ್ಥವನ್ನೇ ಹಿಡಿದು "ಬೇಜಾರಂತೆ! ಎದ್ದು ನಿಂತ್ಕೋ" ಎನ್ನುತ್ತೇವೆ. ಮಗು ಮುಂದಿನ ಸಲ ಅದನ್ನೂ ಹೇಳುವುದಿಲ್ಲ.

ಇಂಟರ್ನ್‌ಶಿಪ್ ಸಮಯದಲ್ಲಿ ಈ ಸುತ್ತಿನ ಒಂದು ಶಾಲೆಯಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು. ಆರನೇ ತರಗತಿಯ ಒಬ್ಬ ಹುಡುಗ ಪಕ್ಕದವನ ನೋಟ್‌ಬುಕ್ ಹರಿದು ಹಾಕಿದ್ದ. ತರಗತಿಯಲ್ಲಿ ಅವನಿಗೆ 'ರೌಡಿ' ಎಂದೇ ಹೆಸರು. ಕನ್ನಡದಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಅವನದು ತಲೆ ತಗ್ಗಿಸಿದ ಮೌನ. ಅಲ್ಲಿನ ಹಿರಿಯ ಶಿಕ್ಷಕಿ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂರಿಸಿಕೊಂಡು "ಏಮೈಂದಿರಾ?" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವನು ಹೇಳಿದ್ದು ಎರಡೇ ಮಾತು: ಅಮ್ಮನ ಮೇಲೆ 'ಬೆಂಗ'. ತಾಯಿ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದರು, ಹುಡುಗ ಅಜ್ಜಿಯ ಬಳಿ ಇದ್ದ. ಪಕ್ಕದವನು ಆ ದಿನ ತನ್ನ ಅಮ್ಮ ರಟ್ಟು ಹಾಕಿಕೊಟ್ಟ ನೋಟ್‌ಬುಕ್ ತಂದು ತೋರಿಸಿದ್ದ. ಶಿಕ್ಷಕಿ ಹರಿದ ನೋಟ್‌ಬುಕ್ಕನ್ನು ಅವನ ಕೈಯಿಂದಲೇ ಗೋಂದು ಹಾಕಿ ಅಂಟಿಸಿಸಿದರು, ತಪ್ಪನ್ನು ಮುಚ್ಚಿಹಾಕಲಿಲ್ಲ. ಆದರೆ ಆ ದಿನದಿಂದ ಅವನ ಕೈಗೆ ಒಂದು ಪದ ಸಿಕ್ಕಿತು. ಮುಂದಿನ ವಾರ ಅವನೇ ಬಂದು "ಟೀಚರ್, ಈವತ್ತು ಬೆಂಗ" ಎಂದು ಹೇಳಿ, ಮುಂದಿನ ಬೆಂಚಿಗೆ ಬಂದು ಕೂತ.

'ಬೆಂಗ' ಎಂಬುದಕ್ಕೆ ಕನ್ನಡದಲ್ಲಿ ಸರಿಯಾದ ಒಂದೇ ಪದ ನನಗೆ ಹೊಳೆಯುತ್ತಿಲ್ಲ. ಹತ್ತಿರದವರನ್ನು ಬಿಟ್ಟಿರಲಾರದ ಕೊರಗು ಅದು. ಹಾಗೆಯೇ 'ಅಲಕ' ಇದೆ, ನಮ್ಮ ಮುನಿಸಿಗೆ ಸಮೀಪ. 'ಕುಳ್ಳು' ಎಂದರೆ ಹೊಟ್ಟೆಕಿಚ್ಚು. 'ದಿಗುಲು' ಅಂತೂ ನಮ್ಮ ದಿಗಿಲಿನ ಬೆನ್ನಿಗೇ ಹುಟ್ಟಿದ್ದು. ಉರ್ದು ಮನೆಮಾತಿನ ಮಗುವಿಗೆ ಗುಸ್ಸಾ, ಡರ್, ಶರಮ್ ಇವೆ. ಆರು ವರ್ಷದ ಮಗು ಈ ಪದಗಳನ್ನೆಲ್ಲ ಮನೆಯಲ್ಲಿ ಕಲಿತೇ ಶಾಲೆಗೆ ಬರುತ್ತದೆ. ನಾವು ಅವನ್ನು ಬಾಗಿಲಾಚೆ ಬಿಡಿಸಿ, ಬದಲಿಗೆ ಒಂದು 'ಬೇಜಾರು' ಕೊಡುತ್ತೇವೆ. ಶಿಕ್ಷಣ ಹಕ್ಕು ಕಾಯ್ದೆಯೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮನೆಮಾತಿನ ಮಹತ್ವ ಹೇಳುವುದು ಪಾಠ ಅರ್ಥವಾಗಲಿ ಎಂದು. ಮನಸ್ಸು ಅರ್ಥವಾಗಲು ಅದು ಇನ್ನೂ ಹೆಚ್ಚು ಬೇಕು.

ಇದರಿಂದ ಕನ್ನಡಕ್ಕೆ ಹಾನಿ ಎಂದು ಯಾರೂ ಹೆದರಬೇಕಿಲ್ಲ. ಮಗು ತೆಲುಗಿನಲ್ಲಿ ಹೇಳಲಿ, ನಾವು ಕನ್ನಡದ ಪದವನ್ನು ಪಕ್ಕದಲ್ಲಿಡೋಣ. ಕನ್ನಡದಲ್ಲೇನು ಬಡತನವೇ? ಮುನಿಸು, ಅಳುಕು, ಕೊರಗು, ದುಗುಡ, ಕಸಿವಿಸಿ, ತಳಮಳ, ಮುಜುಗರ, ಹಿಂಜರಿಕೆ, ಹುರುಪು. ಇವೆಲ್ಲ ನಮ್ಮ ಬಾಯಲ್ಲೇ ಸವೆದುಹೋಗುತ್ತಿವೆ. ಬೋಧನೋಪಕರಣಕ್ಕೆ ಅಂಕ ಬರುತ್ತದೆಂದು ನಾವು ತೂಗುಹಾಕುವ, 'ಹ್ಯಾಪಿ', 'ಸ್ಯಾಡ್', 'ಆಂಗ್ರಿ' ಎಂದು ಬರೆದ ದುಂಡು ಮುಖಗಳ ಚಾರ್ಟಿಗಿಂತ, ಮಕ್ಕಳ ಬಾಯಿಂದಲೇ ಕೇಳಿ ಎರಡು ಮೂರು ಭಾಷೆಗಳಲ್ಲಿ ಬರೆದ ಪದಗಳ ಪಟ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಗಣಿತ, ವಿಜ್ಞಾನದ ಅವಧಿಯಲ್ಲೂ ಜಾಗವಿದೆ

ಭಾವನೆಯ ಮಾತು ಭಾಷಾ ಶಿಕ್ಷಕರಿಗೆ ಸೇರಿದ್ದು, ಪದ್ಯ ಪಾಠದಲ್ಲಿ ಬರುವಂಥದ್ದು ಎಂಬ ಅನಿಸಿಕೆ ನಮ್ಮ ವಿಜ್ಞಾನ ವಿಭಾಗದಲ್ಲಿದೆ. ನನ್ನ ಅನುಭವ ಬೇರೆ. ನಾಡಿಮಿಡಿತದ ಚಟುವಟಿಕೆಯಲ್ಲಿ ಮಕ್ಕಳು ಕೂತಿದ್ದಾಗ ಒಮ್ಮೆ, ಮೈದಾನ ಸುತ್ತಿ ಬಂದ ಮೇಲೆ ಒಮ್ಮೆ ಎಣಿಸಿದರು. "ಓಡದೆಯೂ ಎದೆ ಹೀಗೆ ಹೊಡೆದುಕೊಳ್ಳುವುದು ಯಾವಾಗ?" ಎಂದು ಕೇಳಿದೆ. "ಲೆಕ್ಕ ಮಾಡೋಕೆ ಬೋರ್ಡಿಗೆ ಕರೆದಾಗ" ಎಂದಳು ಒಬ್ಬಳು. ಇಡೀ ತರಗತಿ ನಕ್ಕಿತು, ನಂತರ ಮೂರು ನಾಲ್ಕು ಕೈ ಮೇಲೆದ್ದವು. ಹೆದರಿದಾಗ ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಅದು ದೇಹದ ಸಹಜ ಕೆಲಸ, ದಡ್ಡತನದ ಗುರುತಲ್ಲ. ನಿಧಾನವಾಗಿ ಉಸಿರು ಬಿಟ್ಟರೆ ಬಡಿತ ಇಳಿಯುತ್ತದೆ. ಇದು ವಿಜ್ಞಾನ ಪಾಠವೇ. ಮಕ್ಕಳು ಉಸಿರು ಬಿಟ್ಟು ಮತ್ತೆ ಎಣಿಸಿ ನೋಡಿದರು.

ಗಣಿತದಲ್ಲಿ ನಮ್ಮ ಪುನರ್ಬಲನ ಕೌಶಲವನ್ನೇ ತೆಗೆದುಕೊಳ್ಳಿ. ಸೂಕ್ಷ್ಮ ಬೋಧನೆಯಲ್ಲಿ ಅದನ್ನು ಅಭ್ಯಾಸ ಮಾಡಿ ಬಂದ ನಾವು ಸರಿ ಉತ್ತರಕ್ಕೆ 'ಗುಡ್', 'ವೆರಿ ಗುಡ್', ಚಪ್ಪಾಳೆ. ತಪ್ಪು ಉತ್ತರಕ್ಕೆ "ಕೂತ್ಕೋ, ನೆಕ್ಸ್ಟ್." ಆ 'ನೆಕ್ಸ್ಟ್' ಮಗುವಿಗೆ ಕಲಿಸುವುದು ನಾಚಿಕೆಯನ್ನು. 1/2ಕ್ಕೆ 1/3 ಕೂಡಿಸಿ 2/5 ಎಂದವನು ಏನನ್ನು ಯೋಚಿಸಿದ ಎಂದು ಒಂದು ನಿಮಿಷ ಕೇಳಿ, "ಹಾಗೆ ಬಹಳ ಜನಕ್ಕೆ ಅನ್ನಿಸುತ್ತೆ, ಒಂದು ರೊಟ್ಟಿ ಬಿಡಿಸಿ ನೋಡೋಣ ಬಾ" ಎಂದರೆ ಲೆಕ್ಕವೂ ಕಲಿತಂತಾಯಿತು, ತಪ್ಪಿದಾಗ ಕುಸಿಯದೆ ನಿಲ್ಲುವುದನ್ನೂ ಕಲಿತಂತಾಯಿತು.

ನಲಿ-ಕಲಿ ತಪ್ಪಿಸಿಕೊಂಡ ಮಕ್ಕಳು

ನಮ್ಮ ಗಡಿಯಾಚೆಯ ಮದನಪಲ್ಲಿ ಸಮೀಪ ರಿಷಿವ್ಯಾಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು ರೂಪಿಸಿದ್ದೇ ನಲಿ-ಕಲಿ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಕಲಿಕಾ ಏಣಿ, ಕಲಿಕಾ ತಟ್ಟೆ, ಹವಾಮಾನ ನಕ್ಷೆ ನಮಗೆಲ್ಲ ಗೊತ್ತು. ಆದರೆ ಅದರ ಒಳಗಿನ ಭಾವನಾತ್ಮಕ ಏರ್ಪಾಡನ್ನು ನಾವು ಗಮನಿಸುವುದಿಲ್ಲ. ಮಗು ತನ್ನ ವೇಗದಲ್ಲಿ ಹೋಗುತ್ತದೆ, ರಜೆ ಹಾಕಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ, ದೊಡ್ಡ ಮಗು ಚಿಕ್ಕದಕ್ಕೆ ಹೇಳಿಕೊಡುತ್ತದೆ, ಶಿಕ್ಷಕಿ ನೆಲದ ಮೇಲೆ ಮಕ್ಕಳ ಪಕ್ಕ ಕೂರುತ್ತಾರೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಸಾಲು ಬೆಂಚು, ಎದ್ದು ನಿಂತು ಉತ್ತರ, ಕ್ರಮಾಂಕ.

2025-26ರಲ್ಲಿ 6, 7, 8ನೇ ತರಗತಿಯಲ್ಲಿದ್ದ ಮಕ್ಕಳ ವಿಷಯ ಇನ್ನೂ ಗಂಭೀರ. ಲೆಕ್ಕ ಹಾಕಿ ನೋಡಿ: 2020-21ರಲ್ಲಿ ಇವರು 1, 2, 3ನೇ ತರಗತಿಯಲ್ಲಿದ್ದರು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ 1ರಿಂದ 5ನೇ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಸರದಿ ಕಾಯುವುದು, ಹಂಚಿಕೊಳ್ಳುವುದು, ಸೋತು ಮತ್ತೆ ಆಡುವುದು, ಅಮ್ಮನನ್ನು ಬಿಟ್ಟು ಇರುವುದು ಇವನ್ನೆಲ್ಲ ಕಲಿಯುವ ವಯಸ್ಸಿನಲ್ಲಿ ಅವರಿಗೆ ತರಗತಿಯೇ ಇರಲಿಲ್ಲ. ಕಳೆದುಹೋದ ಓದು ಬರಹಕ್ಕೆ ಸರ್ಕಾರ 2022-23ರಲ್ಲಿ 'ಕಲಿಕಾ ಚೇತರಿಕೆ' ತಂದಿತು. ಜೊತೆಗೆ ಕಳೆದುಹೋದ ಈ ಕಲಿಕೆಯನ್ನು ತುಂಬಿಕೊಡುವ ಕೆಲಸ ತರಗತಿಯ ಶಿಕ್ಷಕರ ಪಾಲಿಗೆ ಉಳಿದಿದೆ. "ಈಗಿನ ಮಕ್ಕಳಿಗೆ ಶಿಸ್ತೇ ಇಲ್ಲ" ಎಂಬ ಮಾತು ಸಿಬ್ಬಂದಿ ಕೊಠಡಿಯಲ್ಲಿ ಕೇಳಿದಾಗ ಈ ಲೆಕ್ಕ ನೆನಪಿರಲಿ.

ಮನೆಯ ಬಿಸಿ ಶಾಲೆಗೂ ತಟ್ಟುತ್ತದೆ

ನಮ್ಮ ತಾಲ್ಲೂಕು ಮಾವಿನ ತಾಲ್ಲೂಕು. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ನೆಲಕಚ್ಚಿತು. ಪಕ್ಕದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಬರಬಾರದೆಂದು ಆದೇಶಿಸಿತು. ಶ್ರೀನಿವಾಸಪುರದಲ್ಲಿ ಬೆಳೆಗಾರರು ಬೀದಿಗಿಳಿದರು, ಬಂದ್ ಆಯಿತು. ಮುಂದೆ ಕೇಂದ್ರವು 2.5 ಲಕ್ಷ ಟನ್‌ವರೆಗಿನ ಹಣ್ಣಿಗೆ ಕ್ವಿಂಟಾಲ್‌ಗೆ 1,616 ರೂಪಾಯಿ ದರ ಗೊತ್ತುಮಾಡಿ ವ್ಯತ್ಯಾಸದ ಹಣ ಕೊಡುವ ಯೋಜನೆಗೆ ಒಪ್ಪಿತು. ಇದೆಲ್ಲ ಪತ್ರಿಕೆಯಲ್ಲಿ ಬಂದದ್ದು. ಪತ್ರಿಕೆಯಲ್ಲಿ ಬಾರದ್ದು, ಅದೇ ಜೂನ್‌ನಲ್ಲಿ ಶಾಲೆಗಳು ಹೊಸದಾಗಿ ಶುರುವಾಗಿದ್ದವು ಎಂಬುದು. ಹಣ್ಣು ಮರದಲ್ಲೇ ಕೊಳೆಯುವ ಮನೆಯಲ್ಲಿ ಹಿರಿಯರ ಮಾತು ಗಡುಸಾಗುತ್ತದೆ, ಹೊಸ ಬ್ಯಾಗು ಮುಂದಕ್ಕೆ ಹೋಗುತ್ತದೆ. ಟೊಮೆಟೊ ಬೆಲೆ ಬಿದ್ದ ವರ್ಷವೂ ಇದೇ ಕತೆ. ಮಗುವಿಗೆ ಕಾರಣ ಗೊತ್ತಿಲ್ಲ, ಬಿಸಿ ಮಾತ್ರ ಗೊತ್ತು. ಅಪ್ಪನ ಸಿಡುಕು ತನ್ನ ತಪ್ಪಿನಿಂದಲೇ ಎಂದುಕೊಳ್ಳುವ ವಯಸ್ಸು ಅದು. ಸಮಾಜ ವಿಜ್ಞಾನದ ಅವಧಿಯಲ್ಲಿ ಆ ವಾರ ಮಾವಿನ ಮಾರುಕಟ್ಟೆಯ ಬಗ್ಗೆ ಮಾತಾಡಿದ್ದರೆ ಎಷ್ಟೋ ಮಕ್ಕಳಿಗೆ "ಓಹ್, ಇದು ನನ್ನಿಂದಲ್ಲ" ಎಂದು ತಿಳಿಯುತ್ತಿತ್ತು.

ಎರಡು ಆಕ್ಷೇಪಗಳು

"ಮೊದಲು ಓದು ಬರಹ ಬರಲಿ, ಆಮೇಲೆ ಭಾವನೆ" ಎನ್ನುವವರಿದ್ದಾರೆ. ಅವರ ಕಾಳಜಿ ಸಣ್ಣದಲ್ಲ. ಆದರೆ ಎರಡೂ ಒಂದರ ಹಿಂದೆ ಒಂದು ಬರುವಂಥವಲ್ಲ. 2011ರಲ್ಲಿ ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು ಶಾಲೆಗಳಲ್ಲಿ ನಡೆದ ಇಂಥ 213 ಕಾರ್ಯಕ್ರಮಗಳನ್ನು, ಸುಮಾರು 2.7 ಲಕ್ಷ ವಿದ್ಯಾರ್ಥಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದರು. ವರ್ತನೆಯ ಜೊತೆಗೆ ಓದಿನ ಸಾಧನೆಯೂ ಶತಮಾನಕದ ಅಳತೆಯಲ್ಲಿ 11 ಅಂಶದಷ್ಟು ಮೇಲೇರಿತ್ತು. ಅವು ಹೆಚ್ಚಿನವು ಅಮೆರಿಕದ ಶಾಲೆಗಳು, ನಮ್ಮ ಬಹುವರ್ಗ ಬೋಧನೆಯ ಕೊಠಡಿಗಳಲ್ಲ. ಆದರೂ ಇದಕ್ಕೆ ಕೊಟ್ಟ ಸಮಯ ಓದಿನಿಂದ ಕದ್ದ ಸಮಯ ಎಂಬ ಭಯಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ದೆಹಲಿ ಸರ್ಕಾರ 2018ರ ಜುಲೈನಲ್ಲಿ ತನ್ನ ಶಾಲೆಗಳಲ್ಲಿ 'ಹ್ಯಾಪಿನೆಸ್' ಪಠ್ಯಕ್ರಮವೆಂದು ಪ್ರತ್ಯೇಕ ಅವಧಿಯನ್ನೇ ಇಟ್ಟಿತು. ನನ್ನ ಮಟ್ಟಿಗೆ ಪ್ರತ್ಯೇಕ ಅವಧಿಗಿಂತ ಇರುವ ಅವಧಿಯ ರೀತಿ ಬದಲಾಗುವುದು ಮೇಲು. ಅವಧಿ ಮುಗಿದ ಮೇಲೆ ಮುಂದಿನ ಮೇಷ್ಟ್ರು ಬಂದು ಗದರಿದರೆ ಹಿಂದಿನ ಅವಧಿ ಎಲ್ಲಿ ಉಳಿಯಿತು?

"ಹೀಗೆ ಮುದ್ದು ಮಾಡಿದರೆ ಮಕ್ಕಳು ಮೆತ್ತಗಾಗುತ್ತಾರೆ" ಎಂಬುದು ಎರಡನೆಯದು. ಗಂಡು ಮಕ್ಕಳ ವಿಷಯದಲ್ಲಿ ಇದು ಹೆಚ್ಚು. ಹುಡುಗ ಅತ್ತರೆ "ಮೊಗಪಿಲ್ಲೋಡು ಏಡುಸ್ತಾಡಾ?" ಎಂದು ಮನೆಯಲ್ಲೂ ಬೀದಿಯಲ್ಲೂ ಕೇಳಿ ಬೆಳೆದವನು ಶಾಲೆಯಲ್ಲೂ ಅದನ್ನೇ ಕೇಳುತ್ತಾನೆ. ಅಳುವುದಕ್ಕೆ ಅನುಮತಿ ಇಲ್ಲದವನಿಗೆ ಉಳಿಯುವುದು ಹೊಡೆಯುವುದೊಂದೇ. ಹುಡುಗಿಯರಿಗೆ ಇದರ ತಿರುವುಮುರುವು: ಅಳಬಹುದು, ಕೋಪ ಮಾಡಿಕೊಳ್ಳುವಂತಿಲ್ಲ. ಇಬ್ಬರಿಗೂ ಅರ್ಧ ಭಾಷೆ ಕೊಟ್ಟು ಪೂರ್ತಿ ಬದುಕು ನಡೆಸಿ ಎನ್ನುತ್ತಿದ್ದೇವೆ. "ಸಾರಿ ಕೇಳು" ಎಂದು ಗದರಿ ಹೇಳಿಸುವುದೂ ಇದೇ ಜಾತಿಯದು. ಬಾಯಿ 'ಸಾರಿ' ಎನ್ನುತ್ತದೆ, ಕಣ್ಣು ಸಂಜೆ ಗೇಟಿನ ಹೊರಗೆ ಸಿಗು ಎನ್ನುತ್ತದೆ. ಏನಾಯಿತು, ಅವನಿಗೆ ಹೇಗಾಗಿರಬಹುದು, ಈಗ ಏನು ಸರಿಮಾಡಬಹುದು ಎಂದು ಮೂರು ಪ್ರಶ್ನೆ ಕೇಳಲು ಐದು ನಿಮಿಷ ಸಾಕು.

ನಮ್ಮ ಮಿತಿಯೂ ಗೊತ್ತಿರಬೇಕು

ನಾವು ಆಪ್ತಸಮಾಲೋಚಕರಲ್ಲ. ಮಕ್ಕಳನ್ನು ವೃತ್ತಾಕಾರವಾಗಿ ಕೂರಿಸಿ "ನಿಮ್ಮ ದುಃಖ ಹೇಳಿ" ಎಂದು ಎಲ್ಲರ ಮುಂದೆ ಬಿಡಿಸುವುದು ಅಪಾಯ. ಮಗು ಹೇಳಿದ್ದು ಸಿಬ್ಬಂದಿ ಕೊಠಡಿಯ ಹರಟೆಯಾಗಬಾರದು. ಹೇಳದಿರುವ ಹಕ್ಕೂ ಮಗುವಿಗಿದೆ. ವಾರಗಟ್ಟಲೆ ಊಟ ಬಿಟ್ಟ, ಪದೇ ಪದೇ ಹೊಟ್ಟೆನೋವೆನ್ನುವ, ತನ್ನನ್ನು ತಾನೇ ನೋಯಿಸಿಕೊಳ್ಳುವ ಮಗುವನ್ನು ಕಂಡರೆ ಮುಖ್ಯ ಶಿಕ್ಷಕರ ಮೂಲಕ ಪೋಷಕರಿಗೆ ತಿಳಿಸಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ನೆರವು ಪಡೆಯಬೇಕು. ಟೆಲಿ-ಮಾನಸ್ 14416 ಸಹಾಯವಾಣಿ ಇದೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳು ಪಾಠಯೋಜನೆ ಪುಸ್ತಕದ ಮೊದಲ ಪುಟದಲ್ಲಿ ಇರಬೇಕಾದವು.

ಕಾಲೇಜಿಗೆ ನನ್ನ ಮನವಿ

ದೊಡ್ಡ ಯೋಜನೆ ಬೇಡ. ನಾಲ್ಕು ಸಣ್ಣ ಬದಲಾವಣೆಗಳನ್ನು ಮುಂದಿನ ತಂಡದ ಬೋಧನಾಭ್ಯಾಸದಿಂದಲೇ ಮಾಡಬಹುದು.

ಒಂದು, ಪಾಠಯೋಜನೆಯ ಕೊನೆಯ 'ಮೆಚ್ಚುವನು' ಸಾಲನ್ನು ತೆಗೆದು, "ಈ ಪಾಠದಲ್ಲಿ ಮಗು ಎಲ್ಲಿ ಹೆದರಬಹುದು, ಎಲ್ಲಿ ನಾಚಬಹುದು, ಆಗ ನಾನೇನು ಮಾಡುವೆ?" ಎಂಬ ಪ್ರಶ್ನೆ ಇಡೋಣ. ಎರಡು, ಪಾಠ ವೀಕ್ಷಿಸುವ ಗುರುಗಳು ಮತ್ತು ಸಹಪಾಠಿಗಳು ತಪ್ಪು ಉತ್ತರಕ್ಕೆ ಪ್ರಶಿಕ್ಷಣಾರ್ಥಿ ಹೇಗೆ ಸ್ಪಂದಿಸಿದರೆಂದು ಒಂದು ಕಾಲಂನಲ್ಲಿ ಬರೆಯಲಿ. ಕಪ್ಪುಹಲಗೆಯ ಅಕ್ಷರಕ್ಕೆ ಅಂಕ ಇರುವಾಗ ಇದಕ್ಕೂ ಇರಲಿ. ಮೂರು, ತೆಲುಗು, ಉರ್ದು ಬಲ್ಲ ಸಹಪಾಠಿಗಳು ಬಾರದವರಿಗೆ ಇಂಟರ್ನ್‌ಶಿಪ್‌ಗೆ ಮುಂಚೆ ಒಂದು ಮಧ್ಯಾಹ್ನ ಈ ಪದಗಳನ್ನು ಕಲಿಸಲಿ. ನಮ್ಮಲ್ಲಿ ಅಂಥವರು ಬೇಕಾದಷ್ಟಿದ್ದಾರೆ. ಕಾಲೇಜಿನಲ್ಲಿ ತಮ್ಮ ಮನೆಮಾತನ್ನು ಬಚ್ಚಿಡುವವರೂ ಅವರೇ. ನಾಲ್ಕು, ನಲಿ-ಕಲಿಯ ಹವಾಮಾನ ನಕ್ಷೆಯ ಪಕ್ಕದಲ್ಲಿ, ಇಷ್ಟವಿದ್ದವರು ಮಾತ್ರ ಗುರುತು ಹಾಕುವ 'ನನ್ನ ಇವತ್ತಿನ ಹವಾಮಾನ' ಎಂಬ ಪಟವನ್ನು ನಾವು ಹೋಗುವ ಶಾಲೆಗಳ ಮೇಲಿನ ತರಗತಿಗಳಲ್ಲೂ ಪ್ರಯತ್ನಿಸಿ, ಏನಾಯಿತೆಂದು ಇದೇ ಸಂಚಿಕೆಗೆ ಬರೆಯೋಣ. ಫಲ ಕೊಡದಿದ್ದರೆ ಅದನ್ನೂ ಬರೆಯೋಣ.

ಎರಡನೇ ವರ್ಷದಲ್ಲಿ 16 ವಾರ ನಾವು ಶಾಲೆಯಲ್ಲಿರುತ್ತೇವೆ. ಅಷ್ಟರಲ್ಲಿ ಒಂದು ಮಗುವಿನ 'ಬೇಜಾರು' ಯಾವ ಬೇಜಾರು ಎಂದು ಕೇಳಿ ತಿಳಿಯುವ ಅಭ್ಯಾಸ ಬಂದರೆ, ಮುಂದಿನ ಮೂವತ್ತು ವರ್ಷದ ನೌಕರಿಗೆ ಅದು ದಾರಿಬುತ್ತಿ.